ಬೆಳಗಿನ ಬಾವು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ನಿಂತು ದುಡಿದ ಆಕೆಯನ್ನು ನಾವೆಲ್ಲ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದೆವು. ಹನ್ನೆರಡು ವರ್ಷ ನಾನು ಅವಳ ಪಕ್ಕದ ಮೇಜಿನಲ್ಲಿ ಹೊದಿಕೆಗಳನ್ನು ಮಡಿಸಿದವಳು. ಮಡಿಕೆ ಅರ್ಧ ಬೆರಳು ಓರೆಯಾದರೂ ಅವಳು ಅದನ್ನು ಕೊಡವಿ ನಮ್ಮ ಮುಂದೆಯೇ ಎಸೆಯುತ್ತಿದ್ದಳು. ಆದರೆ ಬೆನ್ನ ಹಿಂದೆ ಯಾರನ್ನೂ ಆಡಿಕೊಂಡವಳಲ್ಲ.

ಹಬೆ ತುಂಬಿದ ಆ ಕೋಣೆಯಲ್ಲಿ ಎಂಟು ತಾಸು ನಿಂತರೆ ಯಾರ ಕಾಲಾದರೂ ಊದುತ್ತದೆ. ಸಂಜೆ ಕಾಲುಚೀಲ ಕಳಚಿದಾಗ ಅದರ ಅಂಚು ಮೀನಖಂಡದ ಸುತ್ತ ಕಾಲುವೆ ತೋಡಿರುತ್ತಿತ್ತು. ಇದಕ್ಕೆ ಇಸ್ತ್ರಿಯಕ್ಕ ಮದ್ದು ಕಂಡುಕೊಂಡಿದ್ದಳು. ಪಾಳಿ ಮುಗಿದ ಮೇಲೆ ಎಲ್ಲರೂ ನೆಲದ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ಹೊದಿಕೆಯ ಗಂಟುಗಳ ಮೇಲಿಟ್ಟು, ಇಪ್ಪತ್ತು ನಿಮಿಷ ಸುಮ್ಮನಿರಬೇಕು. ಬಾವು ಇಳಿಯುತ್ತಿದ್ದುದು ನಿಜ. ಹೀಗಾಗಿ ನಮ್ಮಲ್ಲಿ ಕಾಲಿನ ಬಾವನ್ನು ಯಾರೂ ಕಾಯಿಲೆ ಎಂದು ಎಣಿಸುತ್ತಿರಲಿಲ್ಲ. ಅದು ದುಡಿಮೆಯ ಗುರುತು. ಕಾಲು ಊದದವಳನ್ನು ಮೈಗಳ್ಳಿ ಎಂದು ಛೇಡಿಸುವುದೂ ಇತ್ತು.

ಈ ನಂಬಿಕೆಯೇ ಅವಳ ನಾದಿನಿಗೆ ಮುಳುವಾಗುವುದರಲ್ಲಿತ್ತು. ಗಂಡನ ಆ ತಂಗಿಯನ್ನು, ತಾಯಿಯಿಲ್ಲದ ಒಂಬತ್ತರ ಹುಡುಗಿಯನ್ನು, ಇಸ್ತ್ರಿಯಕ್ಕನೇ ಸಾಕಿದ್ದಳು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವಳೂ ನಮ್ಮಲ್ಲಿ ಮಡಿಸುವ ಕೆಲಸಕ್ಕೆ ಸೇರಿದಳು. ಮೂರನೆಯ ತಿಂಗಳಿಗೆ ಅವಳ ಕಾಲುಗಳು ಊದಿದವು. ಇಪ್ಪತ್ತು ನಿಮಿಷವಲ್ಲ, ಗಂಟೆ ಕಳೆದರೂ ಬಾವು ಇಳಿಯಲಿಲ್ಲ.

"ನೆಟ್ಟಗೆ ಮಲಗ್ತೀಯೇನೇ? ಕಾಲು ಮೇಲಿಟ್ಟು ಬಾಯಿ ಓಡಿಸ್ತಾ ಇದ್ರೆ ನೀರು ಇಳಿಯಲ್ಲ. ಇನ್ನೆರಡು ಗಂಟು ಏರಿಸು."

"ಇನ್ನೂ ಏರಿಸಿದ್ರೆ ತಲೆಕೆಳಗಾಗಿ ನೇತಾಡಬೇಕು ಅತ್ತಿಗೆ. ನಾನೇನು ಬಾವಲಿನಾ?"

ನಾವು ನಕ್ಕೆವು. ಕೆಲವು ದಿನಗಳಲ್ಲಿ ಬೆಳಗಿನ ಹೊತ್ತು ಅವಳ ರೆಪ್ಪೆಗಳು ಊದತೊಡಗಿದವು. ಅದಕ್ಕೂ ಅತ್ತಿಗೆಯ ಬಳಿ ಉತ್ತರವಿತ್ತು: "ನಿದ್ದೆ ಜಾಸ್ತಿ." ವೈದ್ಯರಿಗೆ ತೋರಿಸೋಣವೆಂದು ನಾನು ಒಮ್ಮೆ ಹೇಳಿದೆ. "ನಿಂತ ಕಾಲಿಗೆಲ್ಲಾ ಡಾಕ್ಟ್ರಾದ್ರೆ ನಾವೆಲ್ಲಾ ವಾರ್ಡಲ್ಲೇ ಮಲಗಿರಬೇಕು" ಎಂದು ನನ್ನ ಬಾಯಿ ಮುಚ್ಚಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾಯಮಾನ ಅವಳದು.

ಎರಡು ತಿಂಗಳು ಹೀಗೆಯೇ ಕಳೆದವು. ಆಮೇಲೆ ಬಾಯ್ಲರ್ ಕೆಟ್ಟು ನಮಗೆಲ್ಲ ಎರಡು ದಿನ ರಜೆ ಸಿಕ್ಕಿತು. ನಾದಿನಿ ಆ ಎರಡು ದಿನವೂ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೆಯ ಬೆಳಿಗ್ಗೆ ಎಬ್ಬಿಸಲು ಹೋದ ಇಸ್ತ್ರಿಯಕ್ಕ, ಹೊದಿಕೆಯಿಂದ ಹೊರಗೆ ಚಾಚಿದ್ದ ಕಾಲನ್ನು ಕಂಡು ನಿಂತುಬಿಟ್ಟಳಂತೆ. ಮೊಣಕಾಲಿನ ಕೆಳಗೆ ಹೆಬ್ಬೆರಳನ್ನು ಒತ್ತಿ ತೆಗೆದಳು. ಕುಳಿ ಹಾಗೆಯೇ ಉಳಿಯಿತು. ತನ್ನ ಕಾಲನ್ನು ಒತ್ತಿ ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

"ಎರಡು ದಿನದಿಂದ ನಿಂತೇ ಇಲ್ಲ ಇವಳು. ನಿಲ್ಲದ ಕಾಲಿಗೆ ನೀರು ಎಲ್ಲಿಂದ ಬಂತು?" ಆ ಪ್ರಶ್ನೆಯನ್ನು ಅವಳು ನನ್ನೆದುರು ಎರಡು ಸಲ ಹೇಳಿದ್ದಾಳೆ.

ಅಂದೇ ಇಬ್ಬರೂ ಮೇಲಂತಸ್ತಿನ ವೈದ್ಯೆಯ ಮುಂದೆ ಕುಳಿತರು. ಮೂತ್ರದಲ್ಲಿ ನೊರೆ ಬರುತ್ತಿತ್ತೇ ಎಂದು ಆಕೆ ಕೇಳಿದರು.

"ಬರ್ತಿತ್ತು ಡಾಕ್ಟ್ರೇ. ದಿನಾ ಸೋಪಿನ ನೊರೆ ನೋಡೋರು ನಾವು, ಇದನ್ನ ಯಾರು ಲೆಕ್ಕಕ್ಕಿಡ್ತಾರೆ?" ಎಂದಳು ನಾದಿನಿ.

ಪರೀಕ್ಷೆಯ ವರದಿ ಬಂದ ಮೇಲೆ ವೈದ್ಯೆ ಇಸ್ತ್ರಿಯಕ್ಕನಿಗೆ ಸಮಾಧಾನದಿಂದ ವಿವರಿಸಿದರು. "ನೋಡಿ, ನಿಂತಾಗ ಕಾಲಿನ ರಕ್ತನಾಳದಲ್ಲಿ ಮೇಲಿರೋ ರಕ್ತದ ಭಾರವೆಲ್ಲಾ ಕೆಳಗೆ ಬೀಳತ್ತೆ. ಆ ಭಾರ ನೀರನ್ನ ಸಣ್ಣ ನಾಳದ ಗೋಡೆಯಿಂದ ಹೊರಕ್ಕೆ ನೂಕತ್ತೆ. ನಿಮ್ಮ ಬಾವು ಅದು. ಕಾಲು ಮೇಲಿಟ್ಟರೆ ನೂಕೋದು ಕಡಿಮೆ ಆಗತ್ತೆ. ಆದರೆ ನೀರನ್ನ ನಾಳದೊಳಗೆ ಹಿಡಿದಿಡೋದು ರಕ್ತದಲ್ಲಿರೋ ಪ್ರೋಟೀನು. ಸೌತೆಕಾಯಿ ಹೋಳಿಗೆ ಉಪ್ಪು ಹಾಕಿದ್ರೆ ಉಪ್ಪು ನೀರನ್ನ ತನ್ನ ಕಡೆ ಎಳ್ಕೊಳ್ಳತ್ತಲ್ಲಾ, ಹಾಗೆ. ಇವಳ ಮೂತ್ರಪಿಂಡ ಆ ಪ್ರೋಟೀನನ್ನ ಸೋರಿಸ್ತಾ ಇದೆ. ಎಳೆಯೋ ಶಕ್ತಿಯೇ ಕಡಿಮೆ ಆದಾಗ ಕಾಲನ್ನ ಎಷ್ಟು ಎತ್ತಿದ್ರೂ ಗುಣ ಆಗಲ್ಲ."

ಹೊರಕ್ಕೆ ನೂಕುವುದು ದ್ರವಸ್ಥಿತಿ ಒತ್ತಡ, ಒಳಗೆ ಎಳೆಯುವುದು ಅಭಿಸರಣ ಒತ್ತಡ ಎಂಬುದನ್ನು ನಾನು ಸಂಜೆ ಶಾಲೆಯ ಪುಸ್ತಕದಲ್ಲಿ ಓದಿದ್ದು ಆಮೇಲೆ. ಪುಸ್ತಕ ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಮೊದಲೇ ಯಾಕೆ ಬರಲಿಲ್ಲ?" ಎಂದು ವೈದ್ಯೆ ನಾದಿನಿಯನ್ನು ಕೇಳಿದರು.

"ಅವಳ ತಪ್ಪಲ್ಲ," ಎಂದಳು ಇಸ್ತ್ರಿಯಕ್ಕ. "ತಡೆದಿದ್ದು ನಾನು." ಮರುದಿನ ಅದೇ ಮಾತನ್ನು ನಮ್ಮೆಲ್ಲರ ನಡುವೆ ನಿಂತು ಹೇಳಿದಳು. ಆ ಬಾಯಿಂದ ಅಂಥ ಮಾತು ನಾವು ಕೇಳಿದ್ದು ಅದೇ ಮೊದಲು.

ತಾನು ಬರೆದುಕೊಟ್ಟ ಮಾತ್ರೆ ನಾಟಿದರೆ ಮೂತ್ರಪಿಂಡ ಉಳಿಯುತ್ತದೆ, ನಾಟದಿದ್ದರೆ ಹಾನಿ ಶಾಶ್ವತವಾಗಬಹುದು ಎಂದಿದ್ದರು ವೈದ್ಯೆ. ತಿಳಿಯಲು ಕೆಲವು ವಾರ ಬೇಕಿತ್ತು. ಇಸ್ತ್ರಿಯಕ್ಕ ಮನೆಮಂದಿಗೆಲ್ಲ ಉಪ್ಪು ಕಡಿಮೆ ಮಾಡಿದಳು. ಗಂಡ ಗೊಣಗಿದರೆ, "ಅವಳು ತಿನ್ನದ್ದು ನಿಮ್ಮ ಗಂಟಲಲ್ಲಿ ಹೇಗೆ ಇಳಿಯತ್ತೆ?" ಎಂದಳು. ಐದನೆಯ ವಾರ ಮೂತ್ರದಲ್ಲಿ ಪ್ರೋಟೀನು ಹೆಸರಿಗಷ್ಟೇ ಉಳಿದಿತ್ತು. ಮೈಯಿಂದ ಏಳು ಕಿಲೋ ನೀರು ಇಳಿದಿತ್ತು. ಮಾತ್ರೆ ಇನ್ನೂ ಹಲವು ತಿಂಗಳು ಬೇಕು, ಕೆಲಸಕ್ಕೆ ಹೋಗಬಹುದು ಎಂದರು.

ಅವಳು ಮರಳಿ ಬಂದ ಮೊದಲ ಸಂಜೆಯೇ ಕಾಲು ತುಸು ಊದಿತು. ಇಸ್ತ್ರಿಯಕ್ಕನ ಮುಖ ಬಿಳುಚಿತು.

"ಇಡೀ ದಿನ ನಿಂತಿದ್ದಕ್ಕೆ ಅತ್ತಿಗೆ. ಇವತ್ತು ನಾನೂ ನಿಮ್ಮ ಜಾತಿಗೆ ಸೇರಿದೆ!"

ಅತ್ತಿಗೆ ನಂಬಲಿಲ್ಲ. ಮರುದಿನ ನಸುಕಿನಲ್ಲಿ, ನಾದಿನಿ ಕಣ್ಣು ಬಿಡುವ ಮೊದಲೇ, ಹಾಸಿಗೆಯ ಪಕ್ಕ ಕುಳಿತು ಹೆಬ್ಬೆರಳನ್ನು ಬಲವಾಗಿ ಒತ್ತಿ ತೆಗೆದಳು. ಚರ್ಮ ಸಮನಾಗಿ ಮೇಲೆದ್ದಿತು. ಇನ್ನೊಂದು ಕಾಲನ್ನೂ ಒತ್ತಿದಳು.

"ನೋವಾಗತ್ತೆ ಅತ್ತಿಗೆ," ಎಂದು ನಾದಿನಿ ಹೊದಿಕೆ ಎಳೆದುಕೊಂಡಳು.

"ನೋವಾದ್ರೆ ಆಗ್ಲಿ. ಎದ್ದೇಳೇ, ಪಾಳಿಗೆ ಹೊತ್ತಾಯ್ತು."