ಅವನು ನನಗೇನಾಗಬೇಕು

ಸಿಡ್ನಿಯಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದಾಗ ಮೆಲ್ಬರ್ನಿನಲ್ಲಿದ್ದ ಅಣ್ಣ ಫೋನಿನಲ್ಲಿ ಮೊದಲು ಕೇಳಿದ್ದು, "ಮಶಿನ್ ಹಚ್ತಾರೇನ?" ಎಂದು. ಸುಳ್ಳು ಹಿಡಿಯುವ ಮಶಿನ್. ಎದೆಗೆ ಪಟ್ಟಿ ಕಟ್ಟಿ, ಬೆರಳಿಗೆ ತಂತಿ ಸಿಕ್ಕಿಸಿ, ಒಂದೊಂದೇ ಪ್ರಶ್ನೆ ಕೇಳುತ್ತ ಕಾಗದದ ಮೇಲೆ ಗೆರೆ ಎಳೆಸುತ್ತಾರಲ್ಲ, ಅದು. ಅಮೆರಿಕದಲ್ಲಿ ಪೊಲೀಸರಾಗಲು ಹೊರಟವರನ್ನು ಅದರ ಮುಂದೆ ಕೂರಿಸುವ ವಿಡಿಯೊಗಳನ್ನು ಅವನು ನೋಡಿದ್ದ. ನಮ್ಮಲ್ಲಿ ಹಾಗಿಲ್ಲ, ಸಿಡ್ನಿಯಲ್ಲಿ ಕೆಲಸ ಕೊಡಲು ಆ ಮಶಿನ್ ಬಳಸುವುದೇ ಕಾನೂನಿಗೆ ವಿರುದ್ಧ ಎಂದು ಎಷ್ಟು ಹೇಳಿದರೂ ಅವನಿಗೆ ನಂಬಿಕೆಯಿಲ್ಲ. "ಭಾಳ ಶಾಣ್ಯಾಕಿ ಆಗಬ್ಯಾಡ. ನಿನಗ ಹೇಳಿ ಹಚ್ತಾರೇನು? ಕುರ್ಚಿಯೊಳಗ ಇಟ್ಟಿರ್ತಾರ," ಎಂದ.

ಅಣ್ಣ ಎಂದರೆ ದೊಡ್ಡಪ್ಪನ ಮಗ. ಹುಬ್ಬಳ್ಳಿಯ ಮನೆಯಲ್ಲಿ ಅಪ್ಪ, ದೊಡ್ಡಪ್ಪ ಬೇರೆಯಾಗಿರಲಿಲ್ಲ. ಅಪ್ಪನಿಗೆ ನಾನೊಬ್ಬಳೇ, ದೊಡ್ಡಪ್ಪನಿಗೆ ಅವನೊಬ್ಬನೇ. ಆ ಮನೆಯಲ್ಲಿ ಕಸಿನ್ ಎಂಬ ಪ್ರಾಣಿ ಇರಲಿಲ್ಲ. ಒಬ್ಬ ಅಣ್ಣ, ಒಬ್ಬಳು ತಂಗಿ ಇದ್ದರು. ಪೊಲೀಸ್ ಆಗುವ ಹುಚ್ಚು ಮೂಲತಃ ಅವನದು. ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದಾಗ ಬೆಳಗ್ಗೆ ಮೈದಾನದಲ್ಲಿ ಅವನು ಓಡುವುದು, ನಾನು ಅವನ ಗಡಿಯಾರ ಹಿಡಿದು ನಿಮಿಷ ಕೂಗುವುದು ನಡೆದಿತ್ತು. ಓಟದಲ್ಲಿ ಪಾಸು, ಬರವಣಿಗೆಯಲ್ಲಿ ನಪಾಸು, ಅದೂ ಎರಡು ಸಲ. ಆಮೇಲೆ ಅಡುಗೆಯ ಕೋರ್ಸಿನ ಹೆಸರಲ್ಲಿ ಮೆಲ್ಬರ್ನಿಗೆ ಬಂದ. ಕೆಲವು ವರ್ಷಗಳ ನಂತರ ನಾನು ಓದಲು ಬಂದಾಗ ಹನ್ನೊಂದು ತಿಂಗಳು ಮೆಲ್ಬರ್ನಿನ ಹೊರವಲಯದ ಪಾಯಿಂಟ್ ಕುಕ್‌ನ ಅವನ ಮನೆಯಲ್ಲೇ ಇದ್ದೆ.

ಅವನ ಮೇಲೆ ಕೇಸಾದದ್ದು ನಾನು ಮದುವೆಯಾಗಿ ಸಿಡ್ನಿಯ ಬ್ಲ್ಯಾಕ್‌ಟೌನಿಗೆ ಬಂದ ಮೇಲೆ. ಆಗ ಅವನು ಒಂದು ಪಬ್ಬಿನ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದ. ಕುಡಿದವನೊಬ್ಬ ಮುಖಕ್ಕೆ ಉಗಿದ, ಇವನು ತಳ್ಳಿದ, ಅವನು ಮೆಟ್ಟಿಲ ಮೇಲೆ ಬಿದ್ದು ದವಡೆ ಮುರಿದುಕೊಂಡ. ಕೋರ್ಟು ಹಲ್ಲೆ ಎಂದಿತು. ಜೈಲಾಗಲಿಲ್ಲ, ಆದರೆ ಹೆಸರಿನ ಮುಂದೆ ದಾಖಲೆಯಾಯಿತು. ಸೆಕ್ಯುರಿಟಿ ಲೈಸೆನ್ಸ್ ಹೋಯಿತು. ಈಗ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುತ್ತಾನೆ. ಅದನ್ನು ಅವನು ಊರಲ್ಲಿ ಯಾರಿಗೂ ಹೇಳಿಲ್ಲ. ನಾನೂ ಹೇಳಿಲ್ಲ.

ಅರ್ಜಿ ತುಂಬುವ ಮೊದಲು ಒಂದು ವಾರಾಂತ್ಯ ಪಾಯಿಂಟ್ ಕುಕ್‌ಗೆ ಹೋಗಿದ್ದೆ. ಮಶಿನಿನ ಚಿಂತೆ ಅವನ ತಲೆಯಿಂದ ಇನ್ನೂ ಇಳಿದಿರಲಿಲ್ಲ. ಊಟವಾದ ಮೇಲೆ ಎದುರು ಕೂತು ನನ್ನ ಮಣಿಕಟ್ಟು ಹಿಡಿದು, ವೈದ್ಯರ ಹಾಗೆ ಕಣ್ಣು ಮುಚ್ಚಿ, ನಾಡಿ ನೋಡುತ್ತ ತಾಲೀಮು ಶುರು ಮಾಡಿದ.

"ಪಂಚಮಿಗೆ ಮಾಡಿಟ್ಟ ಶೇಂಗಾ ಉಂಡಿ ಕದ್ದಾಕಿ ನೀನ ಹೌದಲ್ಲ?"

"ನಾನಲ್ಲ."

"ನಮ್ಮಪ್ಪನ ಚಷ್ಮಾ ಮುರದಾಕಿ?"

"ಅದು ನೀನ."

ಅವನು ಕಣ್ಣು ಬಿಟ್ಟು, "ನಾಡಿ ಅಲಗಾಡೂದಿಲ್ಲಲ್ಲೇ! ನೀ ಮಶಿನಿಗೇ ಸುಳ್ಳು ಕಲಿಸಿ ಬರ್ತಿ," ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆ ಕೇಳುತ್ತ ಬೆಳೆದವರು ನಾವು; ಹೆಗಲು ಮುಟ್ಟಿಕೊಳ್ಳದಿರುವುದನ್ನೂ ಹಾಗೇ ಕಲಿತಿದ್ದೆವು ಅಂತ ಕಾಣುತ್ತದೆ. ಇಬ್ಬರೂ ತುಂಬಾ ನಕ್ಕೆವು. ಆಮೇಲೆ ಅವನು ನನ್ನ ಕೈ ಬಿಟ್ಟ. ಬಿಟ್ಟ ಮೇಲೆ ಕೇಳಿದ, "ನನ್ನ ಸುದ್ದಿ ತಗದ್ರ ಏನಂತಿ?"

"ನಮ್ಮಣ್ಣ ಅಂತೀನಿ. ಮತ್ತೇನಂತಾರ?"

ಅವನು ತಟ್ಟೆಗಳನ್ನೆತ್ತಿಕೊಂಡು ಸಿಂಕಿಗೆ ಹೋದ.

ಫಾರ್ಮು ನಲವತ್ತು ಪುಟದ್ದು. ಹತ್ತು ವರ್ಷ ಎಲ್ಲೆಲ್ಲಿ ವಾಸವಿದ್ದಿರಿ, ಜೊತೆಗೆ ಯಾರಿದ್ದರು, ಅವರು ನಿಮಗೇನಾಗಬೇಕು, ಅವರ ಮೇಲೆ ಕೇಸಿದೆಯೇ, ಅವರೊಡನೆ ಈಗ ಸಂಪರ್ಕ ಎಷ್ಟು. ಪಾಯಿಂಟ್ ಕುಕ್‌ನ ಹನ್ನೊಂದು ತಿಂಗಳನ್ನು ಬಚ್ಚಿಡುವ ಹಾಗಿರಲಿಲ್ಲ, ವೀಸಾ ಕಾಗದಗಳಲ್ಲೆಲ್ಲ ಅದೇ ವಿಳಾಸವಿತ್ತು. ಎರಡು ಸಂಜೆ ಆ ಪುಟ ಬಿಟ್ಟು ಉಳಿದದ್ದೆಲ್ಲ ತುಂಬಿದೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಗಂಡನಿಗೆ ಇದರಲ್ಲಿ ಯೋಚಿಸುವುದೇನಿದೆ ಎಂದೇ ಅರ್ಥವಾಗಲಿಲ್ಲ.

"ಕಸಿನ್ ತಾನೇ? ಕಸಿನ್ ಅಂತ ಹಾಕು. ಅವರೇನು ನಿನ್ನ ಓನ್ ಬ್ರದರ್ ಅಲ್ವಲ್ಲ. ಕಾಂಟ್ಯಾಕ್ಟ್ ಕಮ್ಮಿ ಅಂತ ಬರೆದುಬಿಡು, ಯಾರು ಚೆಕ್ ಮಾಡ್ತಾರೆ?"

"ಪ್ರತಿ ಭಾನುವಾರ ಮಾತಾಡ್ತೀನಲ್ಲ."

"ಈ ಚಾನ್ಸ್ ಹೋದ್ರೆ ಮತ್ತೆ ಸಿಗಲ್ಲ, ನೋಡು. ಇನ್ನೂ ಎಷ್ಟು ವರ್ಷ ಕ್ಲಿನಿಕ್‌ನಲ್ಲಿ ಫೋನ್ ಎತ್ಕೊಂಡು ಕೂತಿರ್ತೀಯ?"

ಗಂಡನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಪೆನ್ನು ಹಿಡಿದಿದ್ದ ಕೈ ನನ್ನದು. ಇಂಗ್ಲಿಷಿನಲ್ಲಿ ಚಿಕ್ಕಪ್ಪನೂ ಅಂಕಲ್, ಸೋದರಮಾವನೂ ಅಂಕಲ್, ಬಾಡಿಗೆ ಮನೆಯ ಓನರೂ ಅಂಕಲ್ ಎಂದು ಆಡಿಕೊಂಡು ನಗುತ್ತಿದ್ದವಳು ನಾನು. ಅವತ್ತು ಆ ಭಾಷೆಯ ಬಡತನವೇ ನನಗೆ ಒದಗಿ ಬಂತು. 'ಕಸಿನ್, ದೂರದ' ಎಂದು ಬರೆದೆ. ಸಂಪರ್ಕ: 'ವರ್ಷಕ್ಕೆ ಒಂದೆರಡು ಸಲ.' ಅಣ್ಣನಿಗೆ ಈ ವಿಷಯ ಹೇಳಲಿಲ್ಲ. ಹೇಗೆ ಹೇಳುವುದು?

ತಿಂಗಳುಗಳು ಹೋದವು. ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಅವನ ಫೋನು ಬರುವುದು ಪದ್ಧತಿ. ಒಂದು ವಾರ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನಾನೇ ಮಾಡಿದರೆ ಎತ್ತಲಿಲ್ಲ. 'ಶಿಫ್ಟ್ ಬದಲಾಗ್ಯದ' ಎಂದು ಮೆಸೇಜ್ ಬಂತು. ಶಿಫ್ಟೇ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹಗುರವೂ ಆಯಿತು. ಅವನ ದನಿ ಕೇಳಿದಾಗಲೆಲ್ಲ ಆ ಪುಟ ಕಣ್ಣ ಮುಂದೆ ಬರುತ್ತಿತ್ತು.

ಇಂಟರ್‌ವ್ಯೂ ಪ್ಯಾರಮಟ್ಟಾದಲ್ಲಿ ನಡೆಯಿತು. ಚಿಕ್ಕ ಕೋಣೆ, ಒಂದು ಮೇಜು, ಐವತ್ತು ದಾಟಿದ ಒಬ್ಬ ಅಧಿಕಾರಿ, ಅವರ ಕೈಯಲ್ಲಿ ಪೆನ್ಸಿಲ್. ತಂತಿಯಿಲ್ಲ, ಪಟ್ಟಿಯಿಲ್ಲ. ಆದರೂ ಕೂರುವಾಗ ನಾನು ಕುರ್ಚಿಯನ್ನೊಮ್ಮೆ ನೋಡಿದೆ. ಮೃದು ಸ್ವಭಾವದ ಮನುಷ್ಯ. ನಾನು ಬರೆದದ್ದನ್ನು ಒಂದೊಂದಾಗಿ ಓದುವರು, ನಾನು ಹೌದೆಂದರೆ ಸಣ್ಣ ಗುರುತು ಹಾಕುವರು. ಪಾಯಿಂಟ್ ಕುಕ್ ಬಂತು.

"ಈ ವ್ಯಕ್ತಿ ನಿಮಗೆ ಹತ್ತಿರದವರೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ. ದೂರದ ಸಂಬಂಧ."

"ಮಾತುಕತೆ?"

"ವರ್ಷಕ್ಕೆ ಒಂದೆರಡು ಸಲ."

ನಾಡಿ ಅಲುಗಿತೋ ಇಲ್ಲವೋ ಗೊತ್ತಿಲ್ಲ, ದನಿಯಂತೂ ಅಲುಗಲಿಲ್ಲ. ಅವರು ಗುರುತು ಹಾಕಿದರು. ಪುಟ ತಿರುಗಿಸುತ್ತ, ನನ್ನನ್ನು ಸಮಾಧಾನಪಡಿಸುವ ಹಾಗೆ, "ಹೌದು, ಎರಡು ತಿಂಗಳ ಹಿಂದೆ ಅವರಿಗೆ ಫೋನ್ ಮಾಡಿದ್ದೆವು. ಅವರೂ ಇದನ್ನೇ ಹೇಳಿದರು. ಊರ ಕಡೆಯ ಹುಡುಗಿ, ಏನೋ ದೂರದ ಸಂಬಂಧ, ಬೇರೆ ಮನೆ ಸಿಗುವವರೆಗೆ ಇಲ್ಲಿದ್ದಳು, ಈಗ ಹೆಚ್ಚು ಪರಿಚಯವಿಲ್ಲ ಅಂದರು. ಎರಡೂ ಹೇಳಿಕೆ ತಾಳೆಯಾಗುತ್ತವೆ," ಎಂದರು.

ಮುಂದಿನ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ನಾನು ಅವನನ್ನು ಅಲ್ಲ ಎನ್ನಬಲ್ಲೆ ಎಂಬುದು ಫಾರ್ಮು ತುಂಬಿದ ದಿನವೇ ಗೊತ್ತಾಗಿತ್ತು. ಅವನು ನನ್ನನ್ನು ಅಲ್ಲ ಎನ್ನಬಲ್ಲ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನನಗಾಗಿಯೇ ಅಂದಿದ್ದಾನೆ, ನನ್ನ ಕೆಲಸ ಹೋಗದಿರಲಿ ಎಂದೇ ಅಂದಿದ್ದಾನೆ ಎಂದು ಬುದ್ಧಿ ಹೇಳುತ್ತಿತ್ತು. ಭಾನುವಾರಗಳ ಲೆಕ್ಕವೂ ಆಗ ಸಿಕ್ಕಿತು. ಹೇಳಿದ ಮಾತು ಸುಳ್ಳಾಗದಿರಲಿ ಎಂದು ಅವನು ಎರಡು ತಿಂಗಳಿಂದ ಫೋನು ಮಾಡುವುದನ್ನೇ ಬಿಟ್ಟಿದ್ದ.

ರೈಲಿನಲ್ಲಿ ಬ್ಲ್ಯಾಕ್‌ಟೌನಿನವರೆಗೆ ಕೂರಲಾಗದೆ ನಡುವೆ ಪೆಂಡಲ್ ಹಿಲ್‌ನಲ್ಲಿ ಇಳಿದೆ. ಅಲ್ಲಿನ ಇಂಡಿಯನ್ ಅಂಗಡಿಗಳ ಮುಂದೆ ಸುಮ್ಮನೆ ಓಡಾಡಿದೆ. ಒಬ್ಬ ಆಂಟಿ ನಿಲ್ಲಿಸಿ ಹಿಂದಿಯಲ್ಲಿ, ಮೆಂತ್ಯ ಸೊಪ್ಪು ಎಲ್ಲಿ ತಾಜಾ ಸಿಗುತ್ತದೆ ಎಂದು ಕೇಳಿದರು. ನಾನು ಅಳುತ್ತಿದ್ದುದನ್ನು ನೋಡಿ, ಪರವಾಗಿಲ್ಲ ಬೇಟಾ, ಎಂದು ಹೊರಟುಹೋದರು.

ಪತ್ರ ಬಂದದ್ದು ಐದು ವಾರದ ಮೇಲೆ. ಆಯ್ಕೆಯಾಗಿದ್ದೆ. ಗಂಡ ಸ್ವೀಟು ತರಲು ಹೋದ. ನಾನು ಅಣ್ಣನಿಗೆ ಫೋನು ಹಚ್ಚಿದೆ. ಈ ಸಲ ಎತ್ತಿದ. ಅವನ ಹಿಂದೆ ಗೋದಾಮಿನ ಗದ್ದಲ.

"ಅಣ್ಣಾ, ಆತು. ತಗೊಂಡ್ರು."

"ಹೌದಾ! ಭಾಳ ಚಲೋ ಆತು."

"ನೀ ಏನ ಹೇಳಿದಿ ಅಂತ ಅವರು ನನಗ ಹೇಳಿದ್ರು."

ಅವನು ಹೊರಗೆ ಬಂದಿರಬೇಕು, ಹಿಂದಿನ ಗದ್ದಲ ಕಡಿಮೆಯಾಯಿತು.

"ನನ್ನ ಕೇಳದನ ಯಾಕ ಹಂಗ ಹೇಳಿದಿ? ನಾ ಏನ ಬರದೀನಿ ಅಂತ ನಿನಗ ಹೆಂಗ ಗೊತ್ತು?"

"ಗೊತ್ತಿತ್ತು," ಎಂದ. ಕೋಪವೇನೂ ಇರಲಿಲ್ಲ. "ನೀ ಹಂಗ ಬರದಿರ್ತಿ ಅಂತ ಗೊತ್ತಿತ್ತವಾ. ಅದಕ್ಕ ನಾನೂ ಹಂಗ ಅಂದೆ."

ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ನಗುತ್ತ, "ಇನ್ನ ಮ್ಯಾಲೆ ಪೊಲೀಸ್ನೋರು ನೀವು. ನೀವು ಅಂತನ ಮಾತಾಡಬೇಕು. ಆತ್ರಿ, ಕೆಲಸ ಅದ, ಇಡ್ತೀನ್ರಿ," ಎಂದು ಇಟ್ಟುಬಿಟ್ಟ. ತಮಾಷೆಗೇ ಅಂದದ್ದು.

ಯೂನಿಫಾರ್ಮ್ ಹಾಕಲು ಶುರು ಮಾಡಿ ಎರಡು ವರ್ಷವಾಯಿತು. ಅಣ್ಣ ಯುಗಾದಿಗೆ ಫೋನು ಮಾಡುತ್ತಾನೆ, ನನ್ನ ಹುಟ್ಟುಹಬ್ಬಕ್ಕೆ ಮಾಡುತ್ತಾನೆ. ಆರಾಮ ಅದೀರೇನ್ರಿ ಎಂದು ಕೇಳುತ್ತಾನೆ. ಆರಾಮ ಎನ್ನುತ್ತೇನೆ. ಅವತ್ತು ನಾನು ಫಾರ್ಮಿನಲ್ಲಿ ಬರೆದದ್ದು ಸುಳ್ಳಾಗಿತ್ತು. ಈಗ ಯಾವ ಮಶಿನ್ ಹಚ್ಚಿ ಕೇಳಿದರೂ ಅದು ನಿಜ.