ಅತ್ತೆಯ ಹಿಮ್ಮಡಿ

ನಮ್ಮತ್ತೆ ಗದ್ದೆ ಬದುವಿನ ಮೇಲೆ ಕಾಲು ಉಳುಕಿಸಿಕೊಂಡರು ಅಂತ ಗೊತ್ತಾಗಿದ್ದೇ ತಡ, ಮದ್ದೂರು ತಾಲ್ಲೂಕಿನ ಅರ್ಧ ನೆಂಟರು ನಮ್ಮ ಮನೆಗೆ ಬಂದುಹೋದರು. ಬ್ರೆಡ್ಡು, ಮೂಸಂಬಿ ತಂದರು, ಜೊತೆಗೆ ಒಂದೇ ಬುದ್ಧಿಮಾತು: 'ಕಾಲು ಮಾತ್ರ ನೆಲಕ್ಕೆ ಊರ್ಬೇಡ ಕಣಕ್ಕ.' ನಾಟಿ ವೈದ್ಯರು ಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು ಕಲಸಿ ಪಟ್ಟು ಹಾಕಿದ್ದರು. ಬಿಚ್ಚುವ ದಿನ ಬಂದರೂ ಅತ್ತೆ ಬಿಚ್ಚಲಿಲ್ಲ. ಅಷ್ಟು ದೂರದಿಂದ ನೋಡಲು ಬರುವವರಿಗೆ ಬರೀ ಕಾಲು ತೋರಿಸುವುದು ಹೇಗೆ? ಕೊನೆಗೆ ಬಿಚ್ಚಿದಾಗ ನೋವು ಹೋಗಿತ್ತು, ಕಾಲು ಮರದ ಕೊರಡಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

ಕುಕ್ಕರಗಾಲಲ್ಲಿ ಕೂರಲು ಹೋದರೆ ಅತ್ತೆ ಹಿಮ್ಮಡಿ ನೆಲ ಮುಟ್ಟದೆ ಹಿಂದಕ್ಕೆ ಬೀಳುತ್ತಿದ್ದರು. ಕೂರದೆ ಹಾಲು ಕರೆಯುವುದೆಲ್ಲಿ ಬಂತು. ನಮ್ಮ ಹಸುವೋ ಮಹಾ ಜಂಬದ್ದು, ಅತ್ತೆಯ ಕೈ ಬಿಟ್ಟರೆ ಇನ್ನೊಬ್ಬರಿಗೆ ಹಾಲಿಳಿಸುವುದಿಲ್ಲ. ಅತ್ತೆಗೆ ಸ್ಟೂಲ್ ಹಾಕಿಕೊಟ್ಟರೆ ಸ್ಟೂಲನ್ನೇ ಒದ್ದು ಉರುಳಿಸಿತು. ಪಕ್ಕದ ಮನೆಯವರು ಅದರ ಕಾಲು ಕಟ್ಟಿ ಹೇಗೋ ಅಷ್ಟಿಷ್ಟು ಕರೆದುಕೊಡುತ್ತಿದ್ದರು. ದಿನಾ ಅವರ ಮುಂದೆ ಹಲ್ಲು ಗಿಂಜಬೇಕು. 'ಮಾರ್ಬುಡಣ ಕಣವ್ವ' ಅಂದರು ನಮ್ಮನೆಯವರು. ಅತ್ತೆ ಗೋಡೆ ಕಡೆ ತಿರುಗಿಕೊಂಡರು. ಮಾರನೇ ದಿನವೇ ಅವರನ್ನು ಮಂಡ್ಯಕ್ಕೆ ಕರೆದುಕೊಂಡು ಹೋದೆ.

ಅಲ್ಲಿನ ಫಿಸಿಯೋಥೆರಪಿಯವರು ನೋಡಿ, ಲಿಗಮೆಂಟು ಕೂಡಿಕೊಂಡಿದೆ, ಬಿಗಿದುಕೊಂಡಿದೆ, ದಿನಾ ಭಾರ ಹಾಕಿ ಎಳೆಯಬೇಕು ಅಂದರು. ಅತ್ತೆಗೆ ಭಯ. 'ಎಳುದ್ರೆ ಕಿತ್ತೋಗಲ್ವ? ಕಾಲೇಜಲ್ಲಿ ಬಯಾಲಜಿ ಏಳ್ಕೊಡ್ತೀಯಲ್ಲ, ನಂಗೂ ವಸಿ ಏಳು.'

ಮುದ್ದೆಗೆ ಎಸರಿಟ್ಟು ಅಡುಗೆಮನೆಯಲ್ಲೇ ಪಾಠ ಶುರು ಮಾಡಿದೆ. 'ಮೂಳೆಗೂ ಮೂಳೆಗೂ ಕಟ್ಟಿರೋ ಪಟ್ಟಿ ಅದು, ಅತ್ತೆ. ಅದರಲ್ಲಿ ಕೊಲಾಜೆನ್ ಅಂತ ಪ್ರೋಟೀನಿನ ಎಳೆಗಳು ಅಲೆಅಲೆಯಾಗಿ ಇರ್ತವೆ. ಸ್ವಲ್ಪ ಎಳೆದರೆ ಅಲೆ ನೆಟ್ಟಗಾಗುತ್ತೆ ಅಷ್ಟೇ. ಇನ್ನೂ ಎಳೆದರೆ ಎಳೆಗಳೇ ಭಾರ ಹೊರ್ತವೆ, ಆಗ ಬಿಗಿ. ಎಲಾಸ್ಟಿನ್ ಅಂತ ಇನ್ನೊಂದು, ಅದು ಹಿಗ್ಗಿದ್ದನ್ನ ವಾಪಸ್ಸು ಎಳ್ಕೊಳ್ಳುತ್ತೆ. ಮಧ್ಯದಲ್ಲಿ ಸಕ್ಕರೆ ಅಂಟಿರೋ ಪ್ರೋಟೀನುಗಳು ನೀರು ಹಿಡಿದಿಟ್ಟಿರ್ತವೆ.'

'ಸಕ್ರೆನಾ? ನಂಗೆ ಸುಗರಿಲ್ವಲ್ಲ.'

'ಆ ಸಕ್ಕರೆ ಬೇರೆ. ಕೇಳಿ ಸುಮ್ಮನೆ. ಕಾಲನ್ನ ಅಲ್ಲಾಡಿಸದೆ ಇಟ್ಟರೆ ಹೊಸ ಎಳೆಗಳು ದಿಕ್ಕಾಪಾಲಾಗಿ ಬೆಳೆದು ಒಂದಕ್ಕೊಂದು ಅಂಟಿಕೊಳ್ತವೆ. ದಿನಾ ಹದವಾಗಿ ಎಳೆದರೆ ಎಳೆದ ಕಡೆಗೇ ಸಾಲಾಗ್ತವೆ. ಥಟ್ಟಂತ ಎಳೆದರೆ ಬಿಗಿಯುತ್ತೆ, ನಿಧಾನವಾಗಿ ಎಳೆದು ಹಿಡಿದರೆ ಸಡಿಲ ಬಿಡುತ್ತೆ.'

ಅತ್ತೆ ತಮ್ಮ ಕಾಲನ್ನೊಮ್ಮೆ ಸವರಿಕೊಂಡರು. 'ಅಂಗಾರೆ ಬ್ರೆಡ್ಡು ತಂದೋರೆಲ್ಲ ಸೇರಿ ನನ್ ಕಾಲ್ ಕೆಡ್ಸಿದ್ರು ಅನ್ನು.'

ಅವತ್ತಿನಿಂದ ಅತ್ತೆಯನ್ನು ಹಿಡಿಯುವವರಿಲ್ಲ. ಬೆಳಿಗ್ಗೆ, ಸಂಜೆ ಗೋಡೆಗೆ ಕೈ ಕೊಟ್ಟು, ಕಾಲು ಹಿಂದಿಟ್ಟು, ಹಿಮ್ಮಡಿ ಒತ್ತಿ ನಿಲ್ಲುವರು. ನೋಡಲು ಬಂದ ನೆಂಟರಿಗೆ, 'ಎಳೆ ಸಾಲಾಯ್ತಾ ಅವೆ, ಮಾತಾಡುಸ್ಬೇಡ ಕೂತ್ಕೊ' ಅನ್ನುವರು. ನಾನು ಒಳಗೆ ಹೋಗಿ ನಕ್ಕು ಬರುತ್ತಿದ್ದೆ. ಆದರೂ ಕೂತಾಗ ಹಿಮ್ಮಡಿ ಬೆರಳಗಲ ಮೇಲೇ ನಿಲ್ಲುತ್ತಿತ್ತು. ಅಷ್ಟರಲ್ಲಿ ನಮ್ಮನೆಯವರು ಮಳವಳ್ಳಿ ಕಡೆಯವರೊಬ್ಬರಿಗೆ ಹಸು ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದರು.

ಅವರು ಒಂದು ದಿನ ಬೆಳಿಗ್ಗೆಯೇ ಟೆಂಪೋ ತಂದರು. ನಮ್ಮನೆಯವರು ಹಗ್ಗಕ್ಕೆ ಕೈ ಹಾಕಿದಾಗ ಅತ್ತೆ ಬಕೆಟ್ಟು ಹಿಡಿದು ಬಂದರು. 'ತಡಿಯಪ್ಪ, ಕಡೇ ಸಲ ನಾನೇ ಕರ್ಕತೀನಿ.' ನಮ್ಮನೆಯವರು ಹಗ್ಗ ಬಿಟ್ಟು ಪಕ್ಕಕ್ಕೆ ಸರಿದರು. ಬಿದ್ದರೆ ಹಿಡಿಯೋಣ ಅಂತ ನಾನು ಹಿಂದೆ ನಿಂತೆ.

ಅತ್ತೆ ಅವಸರಪಡದೆ ಇಳಿದರು. ಹಿಮ್ಮಡಿ ಒಂದು ಗಳಿಗೆ ತಡೆಯಿತು, ಆಮೇಲೆ ಮೆಲ್ಲಗೆ ನೆಲಕ್ಕೆ ಕೂತಿತು. ಹಸು ಕಿವಿ ಅಲ್ಲಾಡಿಸಿ ಸುಮ್ಮನೆ ನಿಂತಿತು. ಹಾಲು ಬಕೆಟ್ಟಿಗೆ ಬೀಳುವ ಸದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು.

ಕರೆದು ಮುಗಿಸಿ, ಯಾರ ಕೈಯೂ ಹಿಡಿಯದೆ ಎದ್ದು, ಬಕೆಟ್ಟನ್ನು ನನಗೆ ಕೊಟ್ಟರು.

'ಪಾಪ, ಮಳವಳ್ಳಿಯಿಂದ ಸುಮ್ಕೆ ಬಂದಂಗಾಯ್ತು. ಈ ಆಲಲ್ಲೇ ಕಾಪಿ ಕಾಯ್ಸ್ಕೊಟ್ಟು ಕಳ್ಸು ಮಗ.'