ಹೊರಸಿನ ಮೇಲಿನ ರೊಟ್ಟಿ

ಶ್ರೀಶೈಲಕ್ಕೆ ನಡೆದು ಹೋಗುತ್ತೇನೆಂದು ಹರಕೆ ಹೊತ್ತವಳು ನನ್ನ ಹೆಂಡತಿ. ದಾರಿಯುದ್ದಕ್ಕೂ ತನ್ನ ಕೈಯ ರೊಟ್ಟಿಯನ್ನೇ ಉಣ್ಣಬೇಕು, ಯಾರ ಮುಂದೆಯೂ ಕೈ ಒಡ್ಡಬಾರದು ಎಂಬುದೂ ಹರಕೆಯಲ್ಲಿ ಸೇರಿತ್ತು. ಸಂಕ್ರಾಂತಿಯ ಹೊತ್ತಿಗೆ ಅವಳು ತೀರಿಕೊಂಡಳು. ಯುಗಾದಿಗೆ ಮುಂಚೆ ಹುಬ್ಬಳ್ಳಿಯಿಂದ ಹೊರಟ ಪಾದಯಾತ್ರೆಯವರ ಜೊತೆ ಅವಳ ಬದಲು ನಾನು ಹೊರಟೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ನಾನು. ರೊಟ್ಟಿ ಬಡಿದದ್ದು ಅದೇ ಮೊದಲು. ಹೊರಡುವ ಹಿಂದಿನ ದಿನವಿಡೀ ಒಲೆಯ ಮುಂದೆ ಕೂತೆ. ಒಂದೂ ದುಂಡಗಾಗಲಿಲ್ಲ. ಹಂಚಿನಿಂದ ಇಳಿದ ಹಾಗೆ ಒಂದರ ಮೇಲೊಂದು ಪೇರಿಸಿ, ಬಿಸಿ ಇರುವಾಗಲೇ ಅರಿವೆಯಲ್ಲಿ ಬಿಗಿದು ಕಟ್ಟಿದೆ. ಜೊತೆಗೆ ಶೇಂಗಾ ಚಟ್ನಿ, ನಾಲ್ಕು ಉಳ್ಳಾಗಡ್ಡಿ.

ಮೂರನೆಯ ದಿನ ಅಣ್ಣಿಗೇರಿ ದಾಟಿ, ಬೇವಿನ ನೆರಳಲ್ಲಿ ಗಂಟು ಬಿಚ್ಚಿದರೆ ರೊಟ್ಟಿಗೆಲ್ಲ ಬೂಸಲು ಹಿಡಿದಿತ್ತು. ನಮ್ಮ ಗುಂಪಿನ ಅಜ್ಜಿಯೊಬ್ಬರು ಬಗ್ಗಿ ನೋಡಿದರು.

"ತಮ್ಮಾ, ಬಿಸಿ ಇದ್ದಾಗ ಕಟ್ಟಿದೇನು? ಆರಹಾಕಲಿಲ್ಲಾ?"

"ಆರಹಾಕೋದು ಗೊತ್ತಿದ್ದಿಲ್ರಿ, ಯವ್ವಾ."

"ಇಷ್ಟು ವರ್ಷ ಕಟಕ್ ರೊಟ್ಟಿ ತಿಂದೀಯಲ್ಲ, ಅವೇನು ಗಿಡದಾಗ ಬೆಳಿತಾವಂತ ತಿಳಕೊಂಡಿದ್ದೇನು?"

ಸುತ್ತಲಿನವರು ನಕ್ಕರು. ನನಗೆ ನಮ್ಮ ಮನೆಯ ಹೊರಸು ನೆನಪಾಯಿತು. ಅವಳು ಅದರ ಮೇಲೆ ಬಿಳಿ ಅರಿವೆ ಹಾಸಿ ರೊಟ್ಟಿ ಹರವುತ್ತಿದ್ದಳು. ಮಧ್ಯಾಹ್ನ ಮಲಗಲು ಜಾಗವಿಲ್ಲವೆಂದು ನಾನು ಸಿಡುಕುತ್ತಿದ್ದೆ. ಹನ್ನೊಂದು ವರ್ಷ ಸಿಡುಕಿದೆ; ಯಾಕೆ ಹರವುತ್ತೀ ಎಂದು ಒಮ್ಮೆಯೂ ಕೇಳಲಿಲ್ಲ.

ಅಜ್ಜಿ ತಮ್ಮ ಬುತ್ತಿ ಮುಂದಿಟ್ಟರು. ನಾನು ಹರಕೆಯ ವಿಷಯ ಹೇಳಿ, ಇನ್ನು ತಿರುಗಿ ಹೋಗುವುದೇ ಸರಿ ಎಂದೆ.

"ಕೈ ಏನು ಹುಬ್ಬಳ್ಳ್ಯಾಗ ಬಿಟ್ಟು ಬಂದೀಯೇನು? ಮುಂದಿನ ಊರಾಗ ಹಿಟ್ಟು ಸಿಗತೈತಿ, ಹಂಚು ನನ್ನ ಹಂತ್ಯಾಕ ಐತಿ. ನೀನ ಬಡಿ, ನಾ ಕುಂತು ನೋಡತೇನಿ."

ಅಂದು ಸಂಜೆ ಮೂರು ಕಲ್ಲು ಹೂಡಿ ಬಡಿದೆ. ಕುದಿಯುವ ನೀರು ಹಾಕಿ ನಾದಿದರೆ ರೊಟ್ಟಿ ಒಡೆಯುವುದಿಲ್ಲವೆಂದು ಕಲಿತೆ. ಎರಡು ಬಿಸಿಯಾಗಿ ಉಂಡು, ಉಳಿದವನ್ನು ಧೋತರದ ಮೇಲೆ ಹರವಿ ಆರಿಸಿದೆ. ದಾರಿಯಲ್ಲಿ ಬಿದ್ದಿದ್ದ ಹುಣಸೆಹಣ್ಣಿಗೆ ಬೆಲ್ಲ, ಹಸಿಮೆಣಸಿನಕಾಯಿ ಸೇರಿಸಿ ಕುಟ್ಟಿದರೆ ಅದೇ ಪಲ್ಯ. ಅವಳು ಹೋದ ಮೇಲೆ ಹೊಟ್ಟೆ ತುಂಬ ಉಂಡದ್ದು ಆ ದಾರಿಯಲ್ಲೇ.

ಹೀಗೇ ಊರೂರಲ್ಲಿ ಬಡಿಯುತ್ತ ಹೋಗಿ, ಶ್ರೀಶೈಲದಲ್ಲಿ ದರ್ಶನವಾದ ಮೇಲೆ ಉಳಿದ ಕೊನೆಯ ರೊಟ್ಟಿ ಮುರಿದು ಅಜ್ಜಿಗೆ ಅರ್ಧ ಕೊಟ್ಟೆ.

"ದುಂಡಗ ಮಾತ್ರ ಆಗಲಿಲ್ಲ ನೋಡು," ಎಂದು ಕಟಕ್ಕನೆ ಕಡಿದರು.

ಈಗಲೂ ವಾರಕ್ಕೊಮ್ಮೆ ಹೊರಸಿನ ಮೇಲೆ ರೊಟ್ಟಿ ಹರವುತ್ತೇನೆ. ಆ ಮಧ್ಯಾಹ್ನ ನಾನು ನೆಲದ ಮೇಲೆ ಮಲಗುತ್ತೇನೆ.